ಪೆನಾಂಗಿನಲ್ಲಿ ಅಕ್ಕನ ಪಥ್ಯ ಬಿಡಿಸಿದ್ದು

ಹಂಗಾರಕಟ್ಟೆಯಿಂದ ಹೊರಟದ್ದು

ಫಾರಿನ್ನಿಗೆ ಹೋಗಿ ಬಂದವರು ಮೊದಲು ಹೇಳುವುದು ವಿಮಾನದ ಕಿಟಕಿಯ ಸುದ್ದಿ. ನನಗೆ ಕಿಟಕಿ ಸಿಕ್ಕಿರಲಿಲ್ಲ. ಒಂದು ಪಕ್ಕದಲ್ಲಿ ನನ್ನ ಅಕ್ಕ ಜಲಜ, ಇನ್ನೊಂದು ಪಕ್ಕದಲ್ಲಿ ಸಾಲಿಗ್ರಾಮದ ಸದಾಶಿವ ಮಾಸ್ಟ್ರು, ನಡುವೆ ನಾನು, ನನ್ನ ತೊಡೆಯ ಮೇಲೆ ಅಕ್ಕನ ಕೈಚೀಲ. ಹಾಗಾಗಿ ನಾನು ಬರೆಯುವುದೆಲ್ಲ ನೆಲದ ಮೇಲಿನ ಸುದ್ದಿ.

ನನ್ನದು ಹಂಗಾರಕಟ್ಟೆಯಲ್ಲಿ ಬೋಟಿನ ಸಾಮಾನಿನ ಅಂಗಡಿ. ಮೊಳೆ, ಹಗ್ಗ, ಬಣ್ಣ, ಬೋಟಿನ ಅಡಿಗೆ ಕೂರಿಸುವ ಝಿಂಕ್ ಗಟ್ಟಿ, ಇಂಥವು. ಬೋಟು ಕಟ್ಟುವಲ್ಲಿ ಬಿದ್ದ ಮೊಳೆ ಹೆಕ್ಕುತ್ತಿದ್ದವನು ನಾನು. ಆಮೇಲೆ ಮುಂಬಯಿ ಬಂದರಿನಲ್ಲಿ ಕೆಲವು ವರ್ಷ ಕಳೆದು, ವಾಪಸು ಬಂದು ಸ್ವಂತದ್ದು ಮಾಡಿದೆ. ಸಾಮಾನು ಕೊಳ್ಳುವಾಗ ಬೇಕು ಎಂಬುದನ್ನು ಮುಖದಲ್ಲಿ ತೋರಿಸಬಾರದು, ಇದು ನಾನು ಎಲ್ಲರಿಗೂ ಪುಕ್ಕಟೆ ಕೊಡುವ ಸಲಹೆ. ಈ ಪ್ರವಾಸದಲ್ಲಿ ಮಾತ್ರ ಅದು ನನ್ನ ಉಪಯೋಗಕ್ಕೆ ಬರಲಿಲ್ಲ. ಏಕೆ ಎನ್ನುವುದೇ ಇಲ್ಲಿನ ಕಥೆ.

ಅಕ್ಕ ಇರುವುದು ಬೈಂದೂರಿನ ಹತ್ತಿರದ ಉಪ್ಪುಂದದಲ್ಲಿ. ತಲೆ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ನಲವತ್ತು ದಾಟಿದ ಮೇಲೆ ಬೆರಳಿನ ಗಂಟುಗಳು ಬಾತುಕೊಂಡವು. ಬೆಳಿಗ್ಗೆ ಎದ್ದರೆ ಕೈ ಮಡಚಲು ಬರುತ್ತಿರಲಿಲ್ಲ. ಊರಿನವರು ವಾತ ಎಂದರು, ನಂಜು ಎಂದರು. ಮಣಿಪಾಲದಲ್ಲಿ ರಕ್ತ ನೋಡಿ ರುಮಟಾಯ್ಡ್ ಎಂದರು. ಮೈಯನ್ನು ಕಾಯಬೇಕಾದ ಸೈನ್ಯವೇ ತಪ್ಪು ತಿಳಿದು ಕೀಲುಗಳ ಮೇಲೆ ಏರಿ ಹೋಗುವ ಕಾಯಿಲೆ ಅದು. ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ಅದರಲ್ಲಿ ಅಕ್ಕ ಒಂದು ಹದಕ್ಕೆ ಬಂದಳು. ಬುಟ್ಟಿ ಹೊರಲು ಆಗದಿದ್ದರೂ ಮನೆಯ ಕೆಲಸಕ್ಕೆ ತೊಂದರೆ ಇರಲಿಲ್ಲ.

ಆಗ ಬಂದದ್ದು ಜ್ಯೂಸು. ಒಬ್ಬರ ಕೈಕೆಳಗೆ ಇನ್ನೊಬ್ಬರು ಸೇರಿ ಮಾರುತ್ತಾ ಹೋಗುವ ಒಂದು ಕಂಪನಿಯದ್ದು, ಕಡು ನೇರಳೆ ಬಣ್ಣದ್ದು, ಹೆಸರು ಬೇಡ. ತಂದವರು ಸದಾಶಿವ ಮಾಸ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರಿಗೆ ಪಾಠ ಹೇಳಲು ಮಕ್ಕಳಿಲ್ಲ, ಆದ್ದರಿಂದ ಬಾಟಲಿ ಹಿಡಿದುಕೊಂಡು ದೊಡ್ಡವರಿಗೆ ಹೇಳುತ್ತಿದ್ದರು. ಅಕ್ಕ ಕುಡಿದಳು, ಮಾರಿದಳು. ಬೈಂದೂರಿನಿಂದ ತೆಕ್ಕಟ್ಟೆಯವರೆಗೆ ಅವಳ ಹತ್ತಿರ ಬಂಗುಡೆ ಕೊಂಡವರೆಲ್ಲ ಜ್ಯೂಸನ್ನೂ ಕೊಂಡರು. ಇವಳು ಹಾಳು ಮೀನು ಕೊಟ್ಟವಳಲ್ಲ ಎನ್ನುವ ಒಂದೇ ನಂಬಿಕೆ.

ಚೆನ್ನಾಗಿ ಮಾರಿದವರನ್ನು ಕಂಪನಿಯವರು ಮಲೇಷ್ಯಾಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಅಕ್ಕನ ಹೆಸರು ಬಂತು. ಅಷ್ಟೇ ಅಲ್ಲ, ಪೆನಾಂಗಿನ ದೊಡ್ಡ ಸಭೆಯಲ್ಲಿ ಸ್ಟೇಜು ಹತ್ತಿ ತನ್ನ ಗುಣವಾದ ಕಥೆ ಹೇಳಬೇಕು. ಜೊತೆಗೆ ಒಬ್ಬರು ಬರಬಹುದು. ಅವಳ ಮಗ ಬೋಟಿನಲ್ಲಿ ಕಡಲಿಗೆ ಹೋಗಿದ್ದ. ಹಾಗೆ 2008ರ ಫೆಬ್ರುವರಿಯಲ್ಲಿ ನನ್ನ ಪಾಸ್‌ಪೋರ್ಟಿಗೆ ಮೊದಲ ಮುದ್ರೆ ಬಿತ್ತು.

ಕೌಲಾಲಂಪುರ: ದುಂಡು ಹಿಡಿ

ಕೌಲಾಲಂಪುರದಲ್ಲಿ ಎತ್ತರದ ಕಟ್ಟಡಗಳಿವೆ. ಅವುಗಳ ಫೋಟೊ ಎಲ್ಲರ ಮನೆಯಲ್ಲೂ ಇರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ. ನನ್ನ ಗಮನಕ್ಕೆ ಬಂದದ್ದು ಚಹಾ. ಅಲ್ಲಿ ಚಹಾವನ್ನು ಪ್ಲಾಸ್ಟಿಕ್ ತೊಟ್ಟೆಗೆ ಹೊಯ್ದು, ಬಾಯಿಗೆ ದಾರ ಕಟ್ಟಿ, ಒಳಗೆ ಕೊಳವೆ ಇಟ್ಟು ಕೊಡುತ್ತಾರೆ. ಜನ ಅದನ್ನು ಬೆರಳಿಗೆ ತೂಗುಹಾಕಿಕೊಂಡು ನಡೆಯುತ್ತಾರೆ. ನಮ್ಮಲ್ಲಿ ಹಾಗೆ ಹಿಡಿದುಕೊಂಡು ಹೋಗುವುದು ಸಂತೆಯಿಂದ ತಂದ ಎಣ್ಣೆಯನ್ನು ಮಾತ್ರ. ಅಕ್ಕನೂ ಒಂದು ತೊಟ್ಟೆ ತೆಗೆದುಕೊಂಡಳು, ಆದರೆ ಬೆರಳಿಗೆ ಹಾಕಿಕೊಳ್ಳಲಿಲ್ಲ. ಮಣಿಕಟ್ಟಿಗೆ ಹಾಕಿಕೊಂಡಳು. ನಾನು ಆಗಲೇ ಯೋಚಿಸಬೇಕಿತ್ತು.

ಮರುದಿನ ಬೆಳಿಗ್ಗೆ ಹೋಟೆಲಿನ ಬಚ್ಚಲಿನ ಒಳಗಿನಿಂದ ಅವಳ ದನಿ ಕೇಳಿಸಿತು.

"ಹ್ವಾಯ್ ಶೇಖರ, ಬಾಗಿಲ್ ತೆಗುಕೆ ಆತಿಲ್ಲೆ."

"ಹಿಡಿ ತಿರ್ಗ್ಸ್ ಅಕ್ಕ. ಬಲಕ್ಕೆ."

"ತಿರ್ಗ್ಸುಕೆ ಬೆರಳ್ ಬೇಡ್ದಾ?"

ನಮ್ಮ ಮನೆಗಳಲ್ಲಿ ಚಿಲಕ. ಅದನ್ನು ಮೊಣಕೈಯಲ್ಲಾದರೂ ಸರಿಸಬಹುದು. ಅಲ್ಲಿ ದುಂಡಗಿನ, ನುಣ್ಣಗಿನ ಹಿಡಿ. ಐದೂ ಬೆರಳು ಕೂಡಿ ಹಿಡಿದರೆ ಮಾತ್ರ ತಿರುಗುತ್ತದೆ. ಕೆಳಗಿನಿಂದ ಹೋಟೆಲಿನವನು ಬಂದು ಹೊರಗಿನಿಂದ ತೆಗೆದ. ಪ್ರವಾಸ ಹೋಗುವವರಿಗೆ ಒಂದು ಮಾತು: ಮನೆಯಲ್ಲಿ ಕೀಲು ನೋವಿನವರು ಇದ್ದರೆ ರೂಮು ಹಿಡಿಯುವ ಮೊದಲು ಹಾಸಿಗೆ ನೋಡಬೇಡಿ, ಬಾಗಿಲಿನ ಹಿಡಿ ನೋಡಿ.

ಅಕ್ಕ ಹೊರಗೆ ಬಂದಾಗ ಅವಳ ಕೈ ನೋಡಿದೆ. ಎರಡೂ ಕೈಯ ಬೆರಳ ಬುಡದ ಗಂಟುಗಳು ಉಬ್ಬಿದ್ದವು. ಮುಟ್ಟಿದರೆ ಬಿಸಿ.

"ಮಾತ್ರೆ ತಕಂತಿದ್ಯಲ್ದಾ?" ಎಂದೆ.

"ದೀಪಾವಳಿಗೇ ಬಿಟ್ಟೆ."

"ಯಾರ್ ಬಿಡುಕ್ ಹೇಳದ್ದ್?"

"ಯಾರಾರೂ ಹೇಳ್ಕಾ? ಒಂದ್ ಮದ್ದ್ ಹಿಡದ್ ಮೇಲೆ ಇನ್ನೊಂದ್ ಮದ್ದ್ ಬಿಡ್ಕ್. ಪಥ್ಯ ಅಂದ್ರೆ ಅದೇ ಅಲ್ದಾ? ಮಾತ್ರೆ ಬಿಟ್ಟೆ, ಮೀನ್ ಬಿಟ್ಟೆ, ಬದ್ನೆಕಾಯಿ ಬಿಟ್ಟೆ. ಜ್ಯೂಸ್ ಮಾತ್ರ."

ಇದು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಮದ್ದು ಎಂದರೆ ಅದರ ಹಿಂದೆಯೇ ಪಥ್ಯ ಬರುತ್ತದೆ. ನನಗೆ ಚಿಕ್ಕಂದಿನಲ್ಲಿ ಕಾಮಾಲೆಯಾದಾಗ ಕೆರಾಡಿಯ ಒಬ್ಬ ಅಜ್ಜ ಬೇರು ಅರೆದು ಕೊಟ್ಟಿದ್ದರು. ಎಣ್ಣೆ ಇಲ್ಲ, ಮೀನು ಇಲ್ಲ, ಬೇರೆ ಯಾವ ಮದ್ದಿನ ಹೆಸರೂ ಎತ್ತಬಾರದು. ಆ ಅಜ್ಜನೇ ಎದುರು ಕೂತು, ಇನ್ನು ತಿನ್ನು ಮಗಾ ಎನ್ನುವವರೆಗೆ ನಮ್ಮ ಅಬ್ಬೆ ನನಗೆ ಒಗ್ಗರಣೆ ಕೂಡ ತೋರಿಸಿರಲಿಲ್ಲ. ಅಕ್ಕ ಜ್ಯೂಸಿಗೂ ಅದೇ ಕಾನೂನು ಹಾಕಿದ್ದಳು. ಕಂಪನಿಯವರಿಗೆ ಇದು ಗೊತ್ತಿರಲು ಸಾಧ್ಯವೇ ಇಲ್ಲ.

"ನೋವಿಲ್ಯಾ?"

"ಮೊದ್ಲಿನ ತಿಂಗ್ಳ್ ಲಾಯ್ಕಿತ್ತ್. ಈಗ ಚೂರ್ ಇತ್ತ್. ಮದ್ದ್ ಹಿಡಿವತಿಗೆ ಹಾಂಗೇ ಅಂಬ್ರ್, ಒಳ್ಗಿಂದೆಲ್ಲ ಹೊರ್ಗ್ ಬತ್ತ್."

ಬಸ್ಸಿನಲ್ಲಿ ಸೇಬು

ಪೆನಾಂಗಿಗೆ ಬಸ್ಸು. ರಸ್ತೆ ಎಷ್ಟು ನುಣ್ಣಗಿತ್ತೆಂದರೆ ಮಾಸ್ಟ್ರು ನಿಂತುಕೊಂಡೇ ಭಾಷಣ ಮಾಡಿದರು. ತೆಕ್ಕಟ್ಟೆಯಿಂದ ಕುಂದಾಪುರದವರೆಗೆ ಬಸ್ಸಿನಲ್ಲಿ ನಿಂತು ಭಾಷಣ ಮಾಡಿ ನೋಡಲಿ.

ಒಂದು ಸೇಬನ್ನು ಕೊಯ್ದು, ಒಂದು ಹೋಳಿಗೆ ಜ್ಯೂಸು ಸವರಿ, ಇನ್ನೊಂದನ್ನು ಹಾಗೆಯೇ ಇಟ್ಟರು. ಹಾಗೆಯೇ ಇಟ್ಟದ್ದು ಕಂದು ಬಣ್ಣಕ್ಕೆ ತಿರುಗಿತು. ಗಾಳಿಯಲ್ಲಿರುವ ಪ್ರಾಣವಾಯುವೇ ಹೀಗೆ ಮಾಡುವುದು, ಕಬ್ಬಿಣಕ್ಕೆ ತುಕ್ಕು ಬರುವಂತೆ ನಮ್ಮ ಮೈಗೂ ಒಳಗೊಳಗೇ ತುಕ್ಕು ಬರುತ್ತದೆ, ಫ್ರೀ ರ್‍ಯಾಡಿಕಲ್ ಎನ್ನುವ ಪುಂಡರು ಇದ್ದಾರೆ, ಅವರನ್ನು ಹಿಡಿದು ಕಟ್ಟುವುದು ಆ್ಯಂಟಿ ಆಕ್ಸಿಡೆಂಟ್, ಅದು ಈ ಬಾಟಲಿಯಲ್ಲಿದೆ ಎಂದರು. ಮಾಸ್ಟ್ರು ಚೆನ್ನಾಗಿ ಹೇಳುತ್ತಾರೆ. ಅಕ್ಕ ಚಪ್ಪಾಳೆ ತಟ್ಟಲು ಹೋಗಿ, ಅರ್ಧದಲ್ಲಿ ನಿಲ್ಲಿಸಿ, ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡಳು.

ನಡುವೆ ಬಸ್ಸು ನಿಂತಲ್ಲಿ ಹಣ್ಣಿನ ಅಂಗಡಿಗಳಿದ್ದವು. ಪೇರಳೆ ಹಣ್ಣು ನಮ್ಮ ತೆಂಗಿನಕಾಯಿಯಷ್ಟು ದೊಡ್ಡದು. ದಾರಿ ಕೇಳಿದರೆ ಅಲ್ಲಿಯವರು ತೋರುಬೆರಳಿನಲ್ಲಿ ತೋರಿಸುವುದಿಲ್ಲ, ಅದು ಅಸಭ್ಯವಂತೆ. ಮುಷ್ಟಿ ಕಟ್ಟಿ ಹೆಬ್ಬೆರಳಿನಲ್ಲಿ ತೋರಿಸುತ್ತಾರೆ. ನಾನು ಚೌಕಾಸಿಗೆ ನಿಂತೆ. ಹಣ್ಣಿನವಳು ನಕ್ಕು ದರ ಬಿಡಲಿಲ್ಲ, ಬದಲಿಗೆ ಇನ್ನೊಂದು ಹಣ್ಣನ್ನು ಕೊಯ್ದು ತಿನ್ನಲು ಕೊಟ್ಟಳು. ಇದೂ ಒಂದು ವ್ಯಾಪಾರದ ಕ್ರಮ. ಊರಿಗೆ ಬಂದ ಮೇಲೆ ನಾನೂ ಮಾಡಿ ನೋಡಿದ್ದೇನೆ. ಮೊಳೆಯ ವ್ಯಾಪಾರದಲ್ಲಿ ನಡೆಯುವುದಿಲ್ಲ.

ಅಕ್ಕ ಹಣ್ಣು ಮುಟ್ಟಲಿಲ್ಲ. ಹೊಸ ಹಣ್ಣು ಪಥ್ಯಕ್ಕೆ ಆಗುತ್ತದೋ ಇಲ್ಲವೋ ಎಂದು.

ಪೆನಾಂಗ್: ನೀರಿನ ಮೇಲಿನ ಕೇರಿ

ಪೆನಾಂಗಿನಲ್ಲಿ ಕಡಲಿನ ಅಂಚಿಗೆ, ಮರದ ಕಂಬಗಳ ಮೇಲೆ ಹಲಗೆ ಹಾಸಿ ಕಟ್ಟಿದ ಕೇರಿಗಳಿವೆ. ಹಲಗೆಯೇ ಓಣಿ, ಓಣಿಯ ಎರಡೂ ಬದಿಗೆ ಮನೆ, ಮನೆಯ ಕೆಳಗೆ ನೀರು. ಚೀನಾದಿಂದ ಬಂದು ನೆಲೆಸಿದ ಬೆಸ್ತರು ಕಟ್ಟಿಕೊಂಡದ್ದಂತೆ. ಬಾಗಿಲ ಹೊರಗೆ ಒಣಗಲು ಹಾಕಿದ ಸಿಗಡಿ, ಮೂಲೆಯಲ್ಲಿ ಹರಿದ ಬಲೆ. ಪ್ರವಾಸಿಗಳು ಮನೆಯೊಳಗೆ ಇಣುಕಿದರೂ ಅವರು ಟಿವಿಯಿಂದ ಕಣ್ಣು ತೆಗೆಯುವುದಿಲ್ಲ. ನಮ್ಮಲ್ಲಾದರೆ ಒಳಗೆ ಕರೆದು, ಯಾವ ಊರು, ಯಾರ ಮಗ, ಮದುವೆಯಾಯಿತೇ ಎಂದು ಎಲ್ಲ ಕೇಳಿ ಮುಗಿಸದೆ ಬಿಡುತ್ತಿರಲಿಲ್ಲ.

ಅಕ್ಕ ಮೂಗು ಎತ್ತಿ ನಿಂತಳು. ಎಲ್ಲೋ ಮೀನು ಸುಡುತ್ತಿದ್ದರು.

"ಬಂಗ್ಡಿ," ಎಂದಳು. ನೋಡದೆಯೇ ಹೇಳಿದಳು. ಹೋಗಿ ನೋಡಿದರೆ ಬಂಗುಡೆಯೇ.

"ತಿಂತ್ಯಾ?"

"ಪಥ್ಯ."

ಅಲ್ಲಿಂದ ವಾಪಸು ಬರುವಾಗ ಹಲಗೆಯ ಮೆಟ್ಟಿಲಿನಲ್ಲಿ ಪಕ್ಕದ ಕಂಬಿ ಹಿಡಿಯಲು ಹೋಗಿ ಅವಳ ಕೈ ಜಾರಿತು. ನಾನು ಹಿಂದಿದ್ದೆ, ಹಿಡಿದೆ. ಅವಳ ಕಣ್ಣಿನಲ್ಲಿ ನೀರು ಬಂದಿತ್ತು. ಬುಟ್ಟಿ ಹೊತ್ತು ಮರವಂತೆಯ ಮರಳಿನಲ್ಲಿ ನಡೆದವಳು ಹೀಗೆ ನಿಂತದ್ದನ್ನು ನೋಡಿ ನಾನು ಅಲ್ಲೇ ಟ್ಯಾಕ್ಸಿಗೆ ಕೈ ಮಾಡಿದೆ. ಸ್ಟೇಜಿನ ಕಾರ್ಯಕ್ರಮ ಇದ್ದದ್ದು ಭಾನುವಾರ. ಅವಳ ಸ್ವಭಾವ ನನಗೆ ಗೊತ್ತು: ಹರಾಜಿನಲ್ಲಿ ಬಾಯಿಂದ ಬಂದ ದರವನ್ನು ನಷ್ಟವಾದರೂ ಬದಲಿಸಿದವಳಲ್ಲ. ಮಾತ್ರೆ ಬಿಟ್ಟು ಗುಣವಾದೆ ಎಂದು ಅಷ್ಟು ಜನರ ಮುಂದೆ ಹೇಳಿಬಿಟ್ಟರೆ ಆಮೇಲೆ ಬೆರಳು ಕೊಕ್ಕೆಯಾದರೂ ಅವಳು ಮಾತ್ರೆ ಮುಟ್ಟುವುದಿಲ್ಲ. ಅದಕ್ಕೆ ಮೊದಲೇ ಏನಾದರೂ ಆಗಬೇಕಿತ್ತು.

ಕೀಲಿನ ಡಾಕ್ಟರು

ಟ್ಯಾಕ್ಸಿಯವನು ಇಳಿಸಿದ ಆಸ್ಪತ್ರೆಯಲ್ಲಿ ಕೀಲುಗಳನ್ನು ಮಾತ್ರ ನೋಡುವ ಒಬ್ಬ ಡಾಕ್ಟರಮ್ಮ ಸಿಕ್ಕಿದರು. ಅವರ ಅಜ್ಜನ ಕಾಲದಲ್ಲಿ ತಮಿಳುನಾಡಿನಿಂದ ಬಂದ ಕುಟುಂಬ. ನಮ್ಮ ಕಡೆಯ ಬಂದರಿಗೆ ಬರುವ ತಮಿಳು ಬೋಟಿನವರಿಗೆ ಸಾಮಾನು ಮಾರಿ ಮಾರಿ ನನಗೆ ಆ ಭಾಷೆ ಅರ್ಧ ಬರುತ್ತದೆ. ಅವರು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ಅವರು ಅಕ್ಕನ ಒಂದೊಂದು ಗಂಟನ್ನೂ ಮೆಲ್ಲಗೆ ಒತ್ತಿ ನೋಡಿದರು. ರಕ್ತ ತೆಗೆಸಿದರು. ಅಕ್ಕ ಚೀಲದ ತಳದಿಂದ ಹಳೆಯ ಮಾತ್ರೆಯ ಪಟ್ಟಿ ತೆಗೆದು ಮುಂದಿಟ್ಟಳು. ಬಿಟ್ಟಿದ್ದಳು, ಆದರೆ ಬಿಸಾಡಿರಲಿಲ್ಲ.

"ಮೊದಲ ತಿಂಗಳು ಹಿತವಾಗಿತ್ತಲ್ಲ, ಅದು ಈ ಮಾತ್ರೆಯದ್ದೇ ಉಳಿಕೆ," ಎಂದರು ಡಾಕ್ಟರಮ್ಮ. "ನಿಲ್ಲಿಸಿದ ಮೇಲೂ ಕೆಲವು ವಾರ ಇದರ ಕೆಲಸ ಮೈಯಲ್ಲಿ ಇರುತ್ತದೆ. ಹೆಸರು ಮಾತ್ರ ಜ್ಯೂಸಿಗೆ ಹೋಯಿತು."

ನಾನು ಬಸ್ಸಿನ ಸೇಬಿನ ಸುದ್ದಿ ಹೇಳಿ, ತುಕ್ಕು ಎನ್ನುವುದು ಸುಳ್ಳೇ ಎಂದು ಕೇಳಿದೆ. ಸುಳ್ಳಲ್ಲ ಎಂದರು. ಈ ಕಾಯಿಲೆಯಲ್ಲಿ ಕೀಲಿನೊಳಗೆ ಸೇರಿದ ರಕ್ಷಕ ಕಣಗಳು ವೈರಿಯನ್ನು ಸುಡಲೆಂದು ಕಿಡಿ ಉಗುಳುತ್ತವೆ. ವೈರಿ ಇಲ್ಲದ ಕಾರಣ ಆ ಕಿಡಿಯಲ್ಲಿ ಕೀಲೇ ಸುಡುತ್ತದೆ. ಆ ಕಿಡಿ ಆರಿಸಲು ಮೈಯಲ್ಲಿ ತನ್ನದೇ ಏರ್ಪಾಡು ಇದೆ, ಹಣ್ಣು ತರಕಾರಿಯಿಂದಲೂ ಸ್ವಲ್ಪ ಬರುತ್ತದೆ. ಈ ರೋಗದವರಲ್ಲಿ ಆ ದಾಸ್ತಾನು ಬೇಗ ಖಾಲಿಯಾಗಿರುವುದು ಉಂಟು.

"ಅಂದರೆ ನಮ್ಮ ಝಿಂಕ್ ಗಟ್ಟಿ," ಎಂದೆ.

ಅವರಿಗೆ ತಿಳಿಯಲಿಲ್ಲ. ನಾನು ಮೇಜಿನ ಮೇಲೆ ಬೆರಳಲ್ಲಿ ಬೋಟು ಬರೆದು ತೋರಿಸಿದೆ. ಉಪ್ಪುನೀರಿನಲ್ಲಿ ಬೋಟನ್ನು ತಳ್ಳುವ ಫ್ಯಾನು, ಕಬ್ಬಿಣ ಎಲ್ಲ ಸವೆಯುತ್ತದೆ. ಹಾಗಾಗಿ ಅಡಿಯಲ್ಲಿ ಝಿಂಕಿನ ಗಟ್ಟಿ ಕೂರಿಸುತ್ತೇವೆ. ಸವೆತವೆಲ್ಲ ಅದಕ್ಕೆ, ಬೋಟು ಉಳಿಯುತ್ತದೆ. ಗಟ್ಟಿ ಮುಗಿದರೆ ಹೊಸದು ಹಾಕುವುದು.

ಡಾಕ್ಟರಮ್ಮ ಖುಷಿಪಟ್ಟರು. ಆಮೇಲೆ ಕೇಳಿದರು: "ಗಟ್ಟಿ ಬೇಗಬೇಗ ಮುಗಿಯುತ್ತಿದ್ದರೆ ಏನು ಮಾಡುತ್ತೀರಿ? ಇನ್ನೂ ದೊಡ್ಡ ಗಟ್ಟಿ ಮಾರುತ್ತೀರಾ?"

ಮಾರಬಹುದು, ಮಾರುವವರೂ ಇದ್ದಾರೆ. ಆದರೆ ನಾನು ಗಿರಾಕಿಗೆ ಹೇಳುವುದು ಬೇರೆ. ಹೊಸ ಗಟ್ಟಿ ಸ್ವಲ್ಪ ದಿನದಲ್ಲೇ ಕರಗಿತೆಂದರೆ ಬೋಟಿನ ಬ್ಯಾಟರಿಯ ವಯರು ಎಲ್ಲೋ ಸೋರುತ್ತಿದೆ ಎಂದರ್ಥ. ಮೊದಲು ಆ ವಯರು ಹುಡುಕಿ ಟೇಪು ಸುತ್ತಬೇಕು. ಸುತ್ತದೆ ಎಷ್ಟು ಝಿಂಕು ಹಾಕಿದರೂ ಕಡಲಿಗೇ.

"ಹಾಗಾದರೆ ಈ ಮಾತ್ರೆ ಆ ಟೇಪು," ಎಂದರು. "ಜ್ಯೂಸು ಕುಡಿಯಲಿ, ನನ್ನದು ಅಡ್ಡಿ ಇಲ್ಲ. ಅದರಿಂದ ಕೀಲಿಗೆ ಎಷ್ಟು ಪ್ರಯೋಜನ ಎಂದು ಕೇಳಿದರೆ ನನಗೆ ಖಾತರಿ ಇಲ್ಲ. ಈಗ ಇರುವುದು ಬಾವು, ಇಳಿಯುತ್ತದೆ. ಹೀಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಸವೆದದ್ದನ್ನು ಯಾವ ಮದ್ದೂ ವಾಪಸು ತರುವುದಿಲ್ಲ."

ಮೀನಿನ ಬಗ್ಗೆಯೂ ಕೇಳಿದೆ. ಮೀನು ನಂಜಲ್ಲ, ಬಂಗುಡೆ ಬೈಗೆಯಂಥ ಎಣ್ಣೆ ಇರುವ ಮೀನು ಬಾವು ಇಳಿಯಲು ಒಳ್ಳೆಯದೇ, ಯಾರು ಬಿಡಿಸಿದರು ಎಂದರು. ಪಥ್ಯ ಎಂದೆ. ಅವರು ನಕ್ಕರು. ಅವರಲ್ಲೂ ಪತ್ತಿಯಂ ಇದೆಯಂತೆ, ಅವರ ಅಜ್ಜಿಯೂ ಹಿಡಿಯುತ್ತಿದ್ದರಂತೆ.

"ಪತ್ತಿಯಂ ಹಾಕಿದವರು ಯಾರು?" ಎಂದು ಕೇಳಿದರು. ನಾನು ಅಕ್ಕನ ಕಡೆ ನೋಡಿದೆ.

ರಕ್ತದ ವರದಿ ಅಂದೇ ಬಂತು. ಲಿವರು ಸರಿ ಇದೆ, ಹಿಂದಿನ ಪ್ರಮಾಣದಲ್ಲೇ ಶುರು ಮಾಡಬಹುದು, ಊರಿಗೆ ಹೋದ ಕೂಡಲೇ ನಿಮ್ಮ ಡಾಕ್ಟರಿಗೆ ತೋರಿಸಿ ಎಂದರು. ವಾರಕ್ಕೊಮ್ಮೆ ಮಾತ್ರ, ದಿನಾ ನುಂಗಿದರೆ ಅಪಾಯ ಎಂದು ಮತ್ತೆ ಮತ್ತೆ ಹೇಳಿದರು. ಈ ಮಾತ್ರೆ ನುಂಗುವವರು ಮನೆಯಲ್ಲಿ ಇದ್ದರೆ ನೀವೂ ವಾರವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಹೊರಡುವಾಗ ಅವರ ವಿಳಾಸದ ಒಂದು ಕಾರ್ಡು ನನ್ನ ಕಿಸೆಗೆ ಹಾಕಿದರು.

ಟ್ಯಾಕ್ಸಿಯಲ್ಲಿ ಅಕ್ಕ ಹೊರಗೆ ನೋಡುತ್ತಾ ಕೂತಳು.

"ಡಾಕ್ಟ್ರ್ ಲಾಯ್ಕ್ ಹೆಣ್ಣ್," ಎಂದಳು. "ಆರೆ ನಾನ್ ಪಥ್ಯ ಹಿಡದ್ದ್. ಮಧ್ಯ ಮುರುಕ್ ಆತಿಲ್ಲೆ. ಮಾಸ್ಟ್ರಿಗೆ ಸ್ಟೇಜಿಗ್ ಹತ್ತಿ ಹೇಳ್ತೆ ಅಂದಾಯ್ತ್."

"ಊರಿಗ್ ಹೋಪ್ವರಿಗಾರೂ ಮಾತ್ರೆ ತಕೊ. ಆಮೇಲ್ ಕಾಂಬ."

"ಅರ್ಧಕ್ಕೆ ಇಳ್ದ್ಯಾ?" ಎಂದಳು. "ನನ್ ಹತ್ರ ಚೌಕಾಸಿ ಮಾಡ್ಬೇಡ ಶೇಖರ. ನಿಂಗೆ ಚೌಕಾಸಿ ಕಲ್ಸದ್ದ್ ಯಾರ್?"

ಅದು ನಿಜ. ಕಲಿಸಿದವಳು ಅವಳೇ.

ಮಾಸ್ಟ್ರ ತಿಂಡಿ

ಶನಿವಾರ ಬೆಳಿಗ್ಗೆ ಹೋಟೆಲಿನ ಊಟದ ಕೋಣೆಯಲ್ಲಿ ಮಾಸ್ಟ್ರು ಒಬ್ಬರೇ ಕೂತಿದ್ದರು. ಆ ಕೋಣೆಯಲ್ಲಿ ಸಸ್ಯಾಹಾರಿಗೆ ಬ್ರೆಡ್ಡು ಮತ್ತು ಬಾಳೆಹಣ್ಣು ಬಿಟ್ಟರೆ ಗತಿ ಇಲ್ಲ. ಅನ್ನದ ಮೇಲೂ ಒಣಸಿಗಡಿ ಉದುರಿಸಿರುತ್ತಾರೆ. ಮಾಸ್ಟ್ರು ಬಂದಂದಿನಿಂದ ಬಾಳೆಹಣ್ಣಿನಲ್ಲೇ ಇದ್ದರು. ಪ್ಲೇಟಿನ ಪಕ್ಕದಲ್ಲಿ ಜ್ಯೂಸಿನ ಲೋಟ, ಲೋಟದ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ. ಡಬ್ಬಿಯಿಂದ ಮಾತ್ರೆ ತೆಗೆದು, ಜ್ಯೂಸಿನಲ್ಲೇ ನುಂಗಿದರು.

"ಮಾಸ್ಟ್ರೆ, ಅದೆಂತ?"

"ಒಂದ್ ಪ್ರೆಶರಿಂದ್, ಒಂದ್ ಶುಗರಿಂದ್."

"ಜ್ಯೂಸಿಗೆ ಪಥ್ಯ ಇಲ್ಯಾ?"

"ಎಂತ ಪಥ್ಯ ಮಾರಾಯ? ಅದ್ ಮದ್ದೇ ಅಲ್ಲ. ಬಾಟ್ಲಿ ಮೇಲೇ ಬರ್ದಿತ್ತಲೆ, ಸಣ್ಣಕ್ಷರದಲ್ಲಿ."

"ಅಕ್ಕ ಮಾತ್ರೆ ಬಿಟ್ಟದ್ದ್ ನಿಮ್ಗ್ ಗೊತ್ತಲ್ದಾ?"

ಮಾಸ್ಟ್ರು ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿಟ್ಟರು. "ಬಿಟ್ಟೆ ಅಂದ್ಳ್. ಗುಣ ಆದ್ದಕ್ಕೆ ಬಿಟ್ಟಳ್ ಅಂದೇಳಿ ನಾನ್ ಎಣ್ಸಿದ್ದ್. ಕೇಂಬುಕ್ ಹೋಯ್ಲಿಲ್ಲ."

ಡಾಕ್ಟರು ಹೇಳಿದ್ದನ್ನು ಹೇಳಿದೆ. ಬಚ್ಚಲಿನ ಬಾಗಿಲಿನ ಕಥೆಯನ್ನೂ ಹೇಳಿದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು. ಕೆಟ್ಟವರಲ್ಲ. ತಾವು ಸೇರಿಸಿದ ಅಕ್ಕ ಸ್ಟೇಜು ಹತ್ತಿ ಜ್ಯೂಸನ್ನು ಹೊಗಳಿದರೆ ಮಾತ್ರ ಅವರಿಗೆ ಕಂಪನಿಯ ನಾಲ್ಕು ಜನರಲ್ಲಿ ಹೆಸರು. ಹಾಗಾಗಿ ಅವರಿಗೂ ಇದು ಸುಲಭದ್ದಲ್ಲ.

ವ್ಯಾಪಾರದಲ್ಲಿ ಒಂದು ಸಂಗತಿ ಇದೆ. ಕೌಂಟರಿನಲ್ಲಿ ಕೂತವನ ಹತ್ತಿರ ಎಷ್ಟು ಗುದ್ದಾಡಿದರೂ ದರ ಇಳಿಯುವುದಿಲ್ಲ, ಏಕೆಂದರೆ ಇಳಿಸುವ ಅಧಿಕಾರ ಅವನಿಗಿಲ್ಲ. ಧಣಿಯನ್ನು ಹುಡುಕಬೇಕು. ನಾನು ಇಷ್ಟು ದಿನ ಅಕ್ಕನ ಹತ್ತಿರ ಗುದ್ದಾಡಿದ್ದೆ. ಪಥ್ಯ ಹಾಕಿದವರು ಯಾರು ಎಂದು ಡಾಕ್ಟರಮ್ಮ ಕೇಳಿದ ಪ್ರಶ್ನೆಯ ಉತ್ತರ ನನ್ನ ಎದುರಿಗೇ ಬಾಳೆಹಣ್ಣು ತಿಂದು ಕೂತಿತ್ತು.

"ಮಾಸ್ಟ್ರೆ, ನೀವ್ ಅಕ್ಕನ ಪಥ್ಯ ಬಿಡ್ಸಿ."

"ನಾನ್ ಹಾಕ್ದೇ ಇದ್ದ ಪಥ್ಯ ನಾನ್ ಹ್ಯಾಂಗ್ ಬಿಡ್ಸುದ್?"

"ಬಾಟ್ಲಿ ಕೈಯಲ್ಲಿ ಕೊಟ್ಟದ್ದ್ ನೀವ್. ಅವಳ ಲೆಕ್ಕದಲ್ಲಿ ಮದ್ದ್ ಕೊಟ್ಟವ್ರ್ ನೀವೇ. ಡಾಕ್ಟ್ರ್ ಹೇಳ್ರೂ ಆತಿಲ್ಲೆ, ನಾನ್ ಹೇಳ್ರೂ ಆತಿಲ್ಲೆ."

"ನಾಳಿಗೆ ಅವಳ ಹೆಸ್ರ್ ಸ್ಟೇಜಿಗೆ ಕೊಟ್ಟಾಯ್ತಲೆ."

"ಹೆಸ್ರ್ ಇರ್ಲಿ. ಬೆರಳೂ ಇರ್ಲಿ."

ಮಾಸ್ಟ್ರು ಲೋಟದಲ್ಲಿ ಉಳಿದಿದ್ದ ಜ್ಯೂಸನ್ನು ನೋಡಿದರು. "ಹ್ಯಾಂಗ್ ಬಿಡ್ಸ್ಕ್ ಹೇಳ್," ಎಂದರು.

ಬಂಗುಡೆಯ ಅಂಗಡಿ

ಸಂಜೆ ಮೂವರೂ ಕಡಲ ದಂಡೆಯ ಊಟದ ಬೀದಿಗೆ ಹೋದೆವು. ಅಲ್ಲಿ ಒಂದೊಂದು ಗಾಡಿಯಲ್ಲಿ ಒಂದೊಂದು ತಿಂಡಿ. ಯಾವ ಮೇಜಿನಲ್ಲಿ ಬೇಕಾದರೂ ಕೂತು ಯಾವ ಗಾಡಿಯಿಂದ ಬೇಕಾದರೂ ತರಿಸಿಕೊಳ್ಳಬಹುದು. ಒಂದೇ ಮೇಜಿನಲ್ಲಿ ಮಲಾಯಿ, ಚೀನಿ, ತಮಿಳರು ಅವರವರದ್ದು ತಿನ್ನುತ್ತಾರೆ, ಯಾರೂ ಇನ್ನೊಬ್ಬರ ಪ್ಲೇಟು ನೋಡುವುದಿಲ್ಲ. ಇದೊಂದು ಕ್ರಮ ನಮ್ಮೂರಿಗೂ ಬಂದರೆ ಒಳ್ಳೆಯದೇ. ಮಾಸ್ಟ್ರಿಗೆ ಮಾತ್ರ ಅಭ್ಯಾಸವಿಲ್ಲ. ಕರವಸ್ತ್ರವನ್ನು ಮೂಗಿಗೆ ಹಿಡಿದು, ಗಾಳಿಯ ದಿಕ್ಕು ನೋಡಿಕೊಂಡು ಕೂತರು.

ಬಾಳೆಲೆಯಲ್ಲಿ ಸುಟ್ಟ ಬಂಗುಡೆ ಬಂತು, ಮೇಲೆ ಮೆಣಸಿನ ಗಸಿ. ಅಕ್ಕ ನನ್ನ ಮುಖ ನೋಡಿದಳು.

"ಇದ್ ಯಾರಿಗೆ?"

"ನಿಮ್ಗೆ, ಜಲಜಕ್ಕ," ಎಂದರು ಮಾಸ್ಟ್ರು. ಕರವಸ್ತ್ರ ತೆಗೆದು, ಶಾಲೆಯಲ್ಲಿ ಪಾಠ ಮುಗಿಸುವ ದನಿಯಲ್ಲಿ ಹೇಳಿದರು: "ಪಥ್ಯ ಮುಗೀತ್. ಇನ್ನ್ ತಿನ್ನಿ."

"ಪೂರ್ತಿ ಮುಗೀತಾ?"

"ಪೂರ್ತಿ."

"ಮಾತ್ರೆ?"

"ತಕಣಿ. ಜ್ಯೂಸಿಗೂ ಮಾತ್ರೆಗೂ ಜಗಳ ಇಲ್ಲ. ನಾನೂ ತಕಂತೆ."

"ನೀವಾ?"

ಮಾಸ್ಟ್ರು ಕಿಸೆಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅಕ್ಕ ಅದನ್ನು ತುಂಬ ಹೊತ್ತು ನೋಡಿದಳು.

"ಇದನ್ ದೀಪಾವಳಿಗೇ ತೋರ್ಸುಕ್ ಆಗ್ಲಿಲ್ಯಾ ಮಾಸ್ಟ್ರೆ?"

"ನೀವ್ ಕೇಣ್ಲಿಲ್ಲ, ನಾನ್ ಹೇಳ್ಲಿಲ್ಲ. ನನ್ನಲ್ಲೂ ತಪ್ಪಿತ್ತ್."

ಅಕ್ಕ ಬಂಗುಡೆಗೆ ಕೈ ಹಾಕಿದಳು, ಬೆರಳು ಮಡಚಲಿಲ್ಲ. ನಾನು ಮುಳ್ಳು ಬಿಡಿಸಿ ಬಿಡಿಸಿ ಇಟ್ಟೆ, ಅವಳು ಚಮಚದಲ್ಲಿ ತಿಂದಳು. ಕತ್ತಲಲ್ಲೂ ಮೀನಿನ ಮುಳ್ಳು ಎಣಿಸಬಲ್ಲ ಹೆಂಗಸಿಗೆ ನಾನು ಮುಳ್ಳು ಬಿಡಿಸಿಕೊಡುವುದು.

"ನಮ್ಮಲ್ಲಿಂದೇ ರುಚಿ," ಎಂದಳು ಕಡೆಗೆ. "ಇವ್ರ್ ಹುಳಿ ಕಮ್ಮಿ ಹಾಕ್ತ್ರ್."

ಊಟದ ಮೇಲೆ ಮಾತ್ರೆ ನುಂಗಿದಳು. ಪಟ್ಟಿಯಿಂದ ಒತ್ತಿ ತೆಗೆದುಕೊಟ್ಟವರು ಮಾಸ್ಟ್ರು.

ಭಾನುವಾರದ ಸಭೆ

ಇನ್ನು ಸ್ಟೇಜು ಬೇಡ ಎಂದು ನಾನು ಹೇಳಿದೆ. ಅವಳು ಕೇಳಲಿಲ್ಲ. "ಹತ್ತುತೆ ಅಂದಿದ್ದೆ, ಹತ್ತುದ್. ಎಂತ ಹೇಳ್ಕ್ ಅಂದೇಳಿ ನಂಗ್ ಗೊತ್ತಿತ್ತ್."

ಸಭೆ ಎಂದರೆ ಒಂದು ದೊಡ್ಡ ಹಾಲು. ನಾನಾ ದೇಶದವರು, ಎದೆ ನಡುಗಿಸುವ ಸಂಗೀತ, ಹೊಗೆ. ಒಬ್ಬೊಬ್ಬರೇ ಬಂದು ಕಥೆ ಹೇಳಿ ಅತ್ತು ಇಳಿಯುತ್ತಿದ್ದರು. ಅಕ್ಕ ಹಸಿರು ರೇಷ್ಮೆ ಸೀರೆಯಲ್ಲಿ ಪಕ್ಕದ ಕಂಬಿಯ ಮೇಲೆ ಮೊಣಕೈ ಇಟ್ಟು ಮೆಟ್ಟಿಲು ಹತ್ತಿದಳು. ಸೂಟು ಹಾಕಿದ ನಿರೂಪಕ ಇಂಗ್ಲಿಷಿನಲ್ಲಿ ಕೇಳುವುದು, ಬೆಂಗಳೂರಿನ ಒಬ್ಬ ಹುಡುಗಿ ಎರಡೂ ಕಡೆಗೆ ತರ್ಜುಮೆ ಮಾಡುವುದು.

"ಅಮ್ಮಾ, ಜ್ಯೂಸಿಗಿಂತ ಮೊದಲು ನೀವು ಮಾತ್ರೆ ತಗೊಳ್ತಿದ್ರಾ?"

"ತಕಂತಿದ್ದೆ. ವಾರಕ್ಕೊಂದ್ ಸಲ."

"ಈಗ?"

"ಈಗ್ಲೂ ವಾರಕ್ಕೊಂದ್ ಸಲ. ಮಧ್ಯ ಬಿಟ್ಟಿದ್ದೆ, ಕೈ ಬೀಗ್ತ್. ಕಾಣಿ." ಎರಡೂ ಕೈ ಎತ್ತಿ ತೋರಿಸಿದಳು. "ನಿನ್ನೆ ಮತ್ತೆ ತಕಂಡೆ."

ಮುಂದೆ ಕೂತ ನಮ್ಮ ಕಡೆಯವರು ನಕ್ಕರು. ನಿರೂಪಕ ಏನು ಎಂದು ತರ್ಜುಮೆಯ ಹುಡುಗಿಯತ್ತ ತಿರುಗಿದ. ಅವಳು ಒಂದು ಕ್ಷಣ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದಳು. ಆಗ ಇಡೀ ಹಾಲು ಅಕ್ಕನ ಕೈ ನೋಡಿತು. ನಿರೂಪಕ ಪಳಗಿದವನು, ನಗುತ್ತಲೇ ಜ್ಯೂಸಿನ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿಸಿದ.

"ಜ್ಯೂಸ್ ಲಾಯ್ಕಿತ್ತ್, ಕುಡಿನಿ. ಮಾತ್ರೆ ಇದ್ದವ್ರ್ ಅದಕ್ಕಾಯಿ ಮಾತ್ರೆ ಬಿಡ್ಬೇಡಿ. ಪಥ್ಯ ಇಲ್ಲೆ."

ಸಂಗೀತ ಶುರುವಾಯಿತು. ಅಕ್ಕ ಇಳಿದು ಬಂದು ನಮ್ಮ ನಡುವೆ ಕೂತಳು. ಮಾಸ್ಟ್ರು ಎದುರಿನ ಕುರ್ಚಿಯ ಬೆನ್ನನ್ನೇ ನೋಡುತ್ತಿದ್ದರು.

"ಚೂರ್ ಸಣ್ಣ ದನಿಯಲ್ಲಿ ಹೇಳಿದ್ರೆ ಆತಿತ್ತ್, ಜಲಜಕ್ಕ," ಎಂದರು.

"ಮೀನ್ ಮಾರ್ದವ್ಳಿಗೆ ಸಣ್ಣ ದನಿ ಎಲ್ಲಿಂದ ಬತ್ತ್ ಮಾಸ್ಟ್ರೆ?"

ಅವರು ತಡೆದುಕೊಳ್ಳಲಾಗದೆ ನಕ್ಕರು.

ಸಭೆ ಮುಗಿದು ಹೊರಗೆ ಬರುವಾಗ ತಲೆಗೆ ನೀಲಿ ವಸ್ತ್ರ ಕಟ್ಟಿದ್ದ ಒಬ್ಬ ಮಲಾಯಿ ಹೆಂಗಸು ಅಕ್ಕನ ಎದುರು ನಿಂತಳು. ನಮ್ಮ ಭಾಷೆ ಅವಳಿಗೆ ಬಾರದು, ಅವಳದ್ದು ನಮಗೆ ಬಾರದು. ಅವಳು ತನ್ನ ಎರಡು ಕೈಗಳನ್ನು ಮುಂದೆ ಚಾಚಿದಳು. ಅದೇ ಗಂಟುಗಳು. ಇನ್ನೊಂದಿಷ್ಟು ಮುಂದೆ ಹೋಗಿದ್ದವು, ಬೆರಳುಗಳು ಒಂದು ಪಕ್ಕಕ್ಕೆ ವಾಲಿದ್ದವು. ಅಕ್ಕ ಅವನ್ನು ಮುಟ್ಟಿ ನೋಡಿದಳು, ಡಾಕ್ಟರಮ್ಮ ಮುಟ್ಟಿದ ಹಾಗೆಯೇ, ಮೆಲ್ಲಗೆ.

"ಶೇಖರ, ಆ ಡಾಕ್ಟ್ರ ಕಾರ್ಡ್ ತೆಗಿ," ಎಂದಳು.

"ನಮ್ಗ್ ಬೇಕಾದ್ರೆ?"

"ನಾವ್ ನಾಳೆ ಊರಿಗ್ ಹೋಪವ್ರ್. ನಮ್ಗೆಂತಕೆ ಅದ್?"

ತೆಗೆದು ಕೊಟ್ಟೆ. ಆ ಹೆಂಗಸು ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆ ದೇಶದವರು ಮರ್ಯಾದೆಯಿಂದ ಏನನ್ನಾದರೂ ತೆಗೆದುಕೊಳ್ಳುವುದು ಹಾಗೆಯೇ. ಅಕ್ಕನೂ ಎರಡೂ ಕೈಯಲ್ಲಿ ಕೊಟ್ಟಳು. ಒಂದೇ ಕೈಯಲ್ಲಿ ಹಿಡಿಯಲು ಅವಳಿಗೆ ಇನ್ನೂ ಬರುತ್ತಿರಲಿಲ್ಲ.